ಕರಡು ನಿಯಮಕ್ಕೆ ಇಮೇಲ್‌ನಲ್ಲಿ ಆಕ್ಷೇಪಣೆ ಕಳಿಸಿದರೆ ಯಾರಾದರೂ ಓದುತ್ತಾರೆಯೇ?

ಪ್ರಶ್ನೆ: ಸರ್ಕಾರ ಕರಡು ನಿಯಮಗಳನ್ನು ಜಾಲತಾಣದಲ್ಲಿ ಹಾಕಿ ‘ಆಕ್ಷೇಪಣೆ, ಸಲಹೆಗಳಿದ್ದರೆ ಕಳಿಸಿ’ ಎನ್ನುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಿದ್ಧ ಪತ್ರವನ್ನು ನಾವೂ ಇಮೇಲ್ ಮಾಡುತ್ತೇವೆ. ಇದರಿಂದ ಏನಾದರೂ ಆಗುತ್ತದೆಯೇ?

ಉತ್ತರ: ಆಗುತ್ತದೆ, ಆದರೆ ಪತ್ರಗಳ ಸಂಖ್ಯೆಯೊಂದರಿಂದಲೇ ಅಲ್ಲ. ಇಲಾಖೆ ಕೇಳಿದ್ದಕ್ಕೆ ನೇರ ಉತ್ತರವಿರುವ ಪತ್ರಕ್ಕೆ ಬೆಲೆ ಹೆಚ್ಚು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಡೆಸಿದ ಎರಡು ಸಮಾಲೋಚನೆಗಳನ್ನು ನೋಡಿ.

2015ರ ಮಾರ್ಚ್ ಕೊನೆಯಲ್ಲಿ ಟ್ರಾಯ್ ಅಂತರ್ಜಾಲ ಸೇವೆಗಳ ನಿಯಂತ್ರಣದ ಬಗ್ಗೆ 118 ಪುಟಗಳ ಸಮಾಲೋಚನಾ ಪತ್ರ ಹೊರಡಿಸಿ 20 ಪ್ರಶ್ನೆಗಳನ್ನು ಕೇಳಿತು. ದಿನಕ್ಕೆ ಹತ್ತು ಗಂಟೆ ದುಡಿಯುವವರಿಗೆ ಅಷ್ಟನ್ನು ಓದಲು ಎಲ್ಲಿ ಬಿಡುವು? ಒಂದಷ್ಟು ಸ್ವಯಂಸೇವಕರು ಸೇರಿ ಅದನ್ನು ಓದಿ, ಸಾರ ತೆಗೆದು, ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದು ‘ಸೇವ್ ದಿ ಇಂಟರ್‌ನೆಟ್’ ತಾಣದಲ್ಲಿ ಇಟ್ಟರು. ಬೇಕಾದವರು ಅದನ್ನು ತಿದ್ದಿಕೊಂಡು ತಮ್ಮ ಹೆಸರಿನಲ್ಲಿ ಕಳಿಸಬಹುದಿತ್ತು. ಏಪ್ರಿಲ್ 24ರ ಗಡುವಿನೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಅವೂ ಸಿದ್ಧ ಪತ್ರಗಳೇ, ನಿಜ. ಆದರೆ ಕೇಳಿದ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವಿತ್ತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಇಂಟರ್‌ನೆಟ್ ಡೇಟಾದ ತಾರತಮ್ಯ ದರದ, ಅಂದರೆ ಒಂದು ತಾಣಕ್ಕೆ ಒಂದು ದರ, ಇನ್ನೊಂದಕ್ಕೆ ಬೇರೆ ದರ ಹಾಕುವುದರ ಬಗ್ಗೆ ಟ್ರಾಯ್ ಇನ್ನೊಂದು ಪತ್ರ ಹೊರಡಿಸಿತು. ಆಗ ಫೇಸ್‌ಬುಕ್, ಆಯ್ದ ಕೆಲವು ತಾಣಗಳನ್ನು ಮಾತ್ರ ಉಚಿತವಾಗಿ ಕೊಡುವ ತನ್ನ ‘ಫ್ರೀ ಬೇಸಿಕ್ಸ್’ ಯೋಜನೆಯನ್ನು ಬೆಂಬಲಿಸುವ ಸಂದೇಶವನ್ನು ಬಳಕೆದಾರರಿಂದ ಲಕ್ಷಗಟ್ಟಲೆ ಕಳಿಸಿತು. ಇವು ನಾವು ಕೇಳಿದ ಪ್ರಶ್ನೆಗಳಿಗೆ ಉತ್ತರವಲ್ಲ ಎಂದು ಟ್ರಾಯ್ ಹೇಳಿತು. 2016ರ ಫೆಬ್ರುವರಿ 8ರಂದು ಅದು ಹೊರಡಿಸಿದ ನಿಯಮ ತಾರತಮ್ಯದ ದರವನ್ನು ನಿಷೇಧಿಸಿತು. ಪರ ವಿರೋಧದ ವಾದಗಳನ್ನೂ ತೀರ್ಮಾನದ ಕಾರಣಗಳನ್ನೂ ತಿಳಿಸುವ ವಿವರಣೆ ಅದರೊಂದಿಗೆ ಇತ್ತು. ಪತ್ರಗಳನ್ನು ಓದುತ್ತಾರೆಯೇ ಎಂಬ ನಿಮ್ಮ ಅನುಮಾನಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ನನಗೆ ಗೊತ್ತಿಲ್ಲ. (2015ರಲ್ಲಿ ಇಮೇಲ್‌ಗಳನ್ನು ಪ್ರಕಟಿಸುವಾಗ ಟ್ರಾಯ್ ಕಳಿಸಿದವರ ಇಮೇಲ್ ವಿಳಾಸಗಳನ್ನೂ ಬಹಿರಂಗಪಡಿಸಿತ್ತು. ಕೇಳದಿದ್ದರೆ ಫೋನ್ ಸಂಖ್ಯೆ, ಮನೆ ವಿಳಾಸ ಬರೆಯಬೇಡಿ.)

ಎಲ್ಲ ಇಲಾಖೆಗಳೂ ಹೀಗೆ ನಡೆದುಕೊಳ್ಳುವುದಿಲ್ಲ. ಪಾರದರ್ಶಕವಾಗಿ ಕೆಲಸ ಮಾಡಬೇಕೆಂದು ಟ್ರಾಯ್‌ಗೆ ಅದರ ಕಾಯ್ದೆಯೇ ವಿಧಿಸಿದೆ. ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎನ್ನುವ ಕೇಂದ್ರದ 2014ರ ನೀತಿ ಬರೀ ನೀತಿ, ಕಾನೂನಲ್ಲ.

ಭಾಷೆಯದು ಇನ್ನೂ ದೊಡ್ಡ ಅಡ್ಡಿ. ಯೋಜನೆಯೊಂದರಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಮೊದಲೇ ಅಳೆಯುವ ಪರಿಸರ ಪರಿಣಾಮ ಅಂದಾಜಿನ 2020ರ ಕರಡು ಅಧಿಸೂಚನೆ ಲಾಕ್‌ಡೌನ್ ನಡುವೆ ಹಿಂದಿ, ಇಂಗ್ಲಿಷ್‌ಗಳಲ್ಲಿ ಮಾತ್ರ ಬಂತು. ಗಣಿಯೋ ಅಣೆಕಟ್ಟೋ ಬರುವುದು ಹಳ್ಳಿಗೆ. ಅಲ್ಲಿನವರು ಓದಲಾಗದ ಕಾಗದಕ್ಕೆ ಆಕ್ಷೇಪಣೆ ಬರೆಯುವುದು ಹೇಗೆ? ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ನೀಡಿತು. ಕರ್ನಾಟಕದಲ್ಲಿ ಕರಡು ಕನ್ನಡದಲ್ಲಿ ಸಿಗಬೇಕೆಂದು ಕೇಳುವುದೇ ಒಂದು ಆಕ್ಷೇಪಣೆ. ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಉಳಿದಂತೆ, ಕರಡಿನ ಯಾವ ಖಂಡ, ಯಾವ ಉಪಖಂಡ ಎಂದು ಹೆಸರಿಸಿ. ಅದು ಜಾರಿಯಾದರೆ ನಿಮ್ಮ ಕೆರೆಗೆ, ಹೊಲಕ್ಕೆ, ಅಂಗಡಿಗೆ ಏನಾಗುತ್ತದೆ ಎಂಬುದನ್ನು ಬರೆಯಿರಿ. ಅದು ಅಧಿಕಾರಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಬದಲಿಗೆ ಏನಿರಬೇಕೆಂದು ನಿಮ್ಮದೇ ಒಂದು ವಾಕ್ಯ ಸೂಚಿಸಿ.

ಒಬ್ಬರೇ ಮಾಡುವ ಕೆಲಸವಲ್ಲ ಇದು. ಬಡಾವಣೆಯ ನಿವಾಸಿಗಳ ಗುಂಪಿನಲ್ಲೋ ರೈತರ ಗುಂಪಿನಲ್ಲೋ ಪುಟಗಳನ್ನು ಹಂಚಿಕೊಳ್ಳಿ. ಒಬ್ಬರು ಓದಿ ಕನ್ನಡದಲ್ಲಿ ಧ್ವನಿ ಸಂದೇಶ ಹಾಕಲಿ, ಇನ್ನೊಬ್ಬರು ಉತ್ತರ ಬರೆಯಲಿ. ಇಂಥ ಗುಂಪು ಗಡುವು ಮುಗಿದ ಮೇಲೂ ಉಳಿಯಬಲ್ಲದು. 2015ರ ಆ ಸ್ವಯಂಸೇವಕರಲ್ಲಿ ಕೆಲವರು ಮರುವರ್ಷ ಇಂಟರ್‌ನೆಟ್ ಬಳಕೆದಾರರ ಹಕ್ಕುಗಳಿಗಾಗಿ ಕೆಲಸ ಮಾಡುವ ಇಂಟರ್‌ನೆಟ್ ಫ್ರೀಡಂ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿದರು.

ಗಡುವು ಮುಗಿದು ತಿಂಗಳುಗಳಾದರೂ ಸುದ್ದಿಯಿಲ್ಲವೇ? ಬಂದ ಆಕ್ಷೇಪಣೆಗಳ ಪ್ರತಿ ಮತ್ತು ಅವುಗಳ ಮೇಲಿನ ಕಡತದ ಟಿಪ್ಪಣಿ ಕೊಡಿ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಕೇಂದ್ರದ ಇಲಾಖೆಗಳಿಗೆ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ಶುಲ್ಕ 10 ರೂಪಾಯಿ.