ಮುಚ್ಚಿದ ಮೂಸೆಯೊಳಗೆ ಹರಳು ಬೆಳೆಸುವ ಲೆಕ್ಕ

ಮುಚ್ಚಳ ಹಾಕಿದ ಗಾಜಿನ ಸೀಸೆಯಲ್ಲಿ ಕರ್ಪೂರ ಇಟ್ಟು ಸುಮ್ನೆ ಕೆಲವು ದಿನ ಬಿಡಿ. ಸೀಸೆಯ ತಂಪಾದ ಬದಿಗೆ ಸಣ್ಣ ಸಣ್ಣ ಹರಳುಗಳು ಅಂಟಿಕೊಂಡಿರುತ್ತವೆ. ಕರ್ಪೂರ ಕರಗದೆ ನೇರ ಆವಿಯಾಗಿ, ತಂಪು ಕಡೆಗೆ ಹೋಗಿ ಮತ್ತೆ ಗಟ್ಟಿಯಾಗಿದೆ. ಫಿಸಿಕಲ್ ವೇಪರ್ ಟ್ರಾನ್ಸ್‌ಪೋರ್ಟ್, ಚಿಕ್ಕದಾಗಿ ಪಿವಿಟಿ, ಅನ್ನುವ ವಿಧಾನದ ಮೂಲವೂ ಇದೇ. ಆದರೆ ಸಿಲಿಕಾನ್ ಮತ್ತು ಕಾರ್ಬನ್ ಕೂಡಿದ, ಎಲೆಕ್ಟ್ರಾನಿಕ್ಸ್‌ನಲ್ಲಿ ಬಳಸುವ ಸಿಲಿಕಾನ್ ಕಾರ್ಬೈಡ್‌ನ ಹರಳು ಬೇಕೆಂದರೆ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟಬೇಕು.

ಸಿಲಿಕಾನ್ ಆದರೆ ಕರಗಿಸಿ ಹರಳನ್ನು ಮೆಲ್ಲಗೆ ಮೇಲಕ್ಕೆ ಎಳೆಯಬಹುದು. ಸಿಲಿಕಾನ್ ಕಾರ್ಬೈಡ್ ಸಾಮಾನ್ಯ ಒತ್ತಡದಲ್ಲಿ ಕರಗುವುದೇ ಇಲ್ಲ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಜೇಡಿಮಣ್ಣನ್ನೂ ಕೋಕ್ ಪುಡಿಯನ್ನೂ ವಿದ್ಯುತ್ತಿನಿಂದ ಕಾಯಿಸಿದಾಗ ಇದರ ಹೊಳೆಯುವ ಹರಳು ಸಿಕ್ಕಿತು. ಅದಕ್ಕೆ ಅವರು ಕಾರ್ಬೊರಂಡಂ ಎಂದು ಹೆಸರಿಟ್ಟರು. ಸಾಣೆ ಹಿಡಿಯಲು ಅದು ಸಾಕಾಗಿತ್ತು, ಎಲೆಕ್ಟ್ರಾನಿಕ್ಸ್‌ಗೆ ಸಾಲದು. 1955ರಲ್ಲಿ ಫಿಲಿಪ್ಸ್‌ನ ಯಾನ್ ಲೇಲಿ ಗ್ರಾಫೈಟ್ ಮೂಸೆಯಲ್ಲಿ ಆವಿಯಿಂದ ಶುದ್ಧ ಹರಳು ಪಡೆದರು. ಆದರೆ ಅವೆಲ್ಲ ಚಿಕ್ಕ ಚಿಕ್ಕ ಚಕ್ಕೆಗಳು. ಎಲ್ಲಿ, ಎಷ್ಟು ದೊಡ್ಡದು ಹುಟ್ಟುತ್ತದೆ ಅನ್ನುವುದು ಕೈಯಲ್ಲಿರಲಿಲ್ಲ.

ಆ ಹಿಡಿತ ಸಿಕ್ಕಿದ್ದು 1978ರಲ್ಲಿ, ಲೆನಿನ್‌ಗ್ರಾಡ್‌ನ ಯೂರಿ ತೈರೊವ್ ಮತ್ತು ವಲೇರಿ ತ್ಸ್ವೆತ್ಕೊವ್ ಅವರಿಂದ. ಅವರು ಒಂದು ಕಡೆ ಪುಡಿ, ಎದುರಿಗೆ ಸ್ವಲ್ಪ ತಂಪಾದ ಜಾಗದಲ್ಲಿ ಬೀಜದ ಹರಳು, ಅಂದರೆ ಬೆಳವಣಿಗೆಗೆ ಆಧಾರವಾಗುವ ಚಿಕ್ಕ ಹರಳು, ಇಟ್ಟರು. ಇಂದಿಗೂ ನಡೆಯುತ್ತಿರುವುದು ಅದೇ ಏರ್ಪಾಡು. ಪುಡಿ ಕೆಳಗೆ, ಬೀಜ ಮೇಲೆ, ಸುತ್ತ ಕಡಿಮೆ ಒತ್ತಡದ ಆರ್ಗಾನ್ ಅನಿಲ. ಬೆಳವಣಿಗೆ ಗಂಟೆಗೆ ಮಿಲಿಮೀಟರಿನ ಒಂದು ಪಾಲು ಮಾತ್ರ.

ತೊಂದರೆ ಏನೆಂದರೆ, ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಗ್ರಾಫೈಟ್ ಮೂಸೆಗೆ ದಪ್ಪನೆಯ ಗ್ರಾಫೈಟ್ ಕಂಬಳಿ ಹೊದಿಸಿರುತ್ತಾರೆ. ದೂರದಿಂದಲೇ ಉಷ್ಣತೆ ಅಳೆಯುವ ಪೈರೋಮೀಟರ್‌ಗೆ ಮೇಲೆ ಕೆಳಗೆ ಸಣ್ಣ ತೂತು, ಅಷ್ಟೇ. ದಿನಗಟ್ಟಲೆ ಕಾಯಿಸಿ, ಆರಿಸಿ, ತೆಗೆದು ನೋಡಿದ ಮೇಲೇ ಗೊತ್ತು. ಆದ್ದರಿಂದಲೇ ಈ ಹರಳಿನ ಕಥೆಯಲ್ಲಿ ಕಂಪ್ಯೂಟರ್ ಮಾದರಿಗೆ ಇಷ್ಟು ಬೆಲೆ. ಕಾಣದ್ದನ್ನು ಲೆಕ್ಕದಿಂದ ಕಾಣಬೇಕು, ಅಲ್ವಾ?

ಲೆಕ್ಕ ಮೂಸೆಯನ್ನು ಕಾಯಿಸಲು ಅದರ ಸುತ್ತ ಇಟ್ಟಿರುವ ತಂತಿಸುರುಳಿ, ಅಂದರೆ ಕಾಯಿಲ್‌ನಿಂದ ಶುರು. ಅದರ ವಿದ್ಯುತ್ತು ಗ್ರಾಫೈಟ್ ಗೋಡೆಯಲ್ಲಿ ಎಷ್ಟು ಶಾಖ ಹುಟ್ಟಿಸುತ್ತದೆ ಎಂದು ಮೊದಲು ಬಿಡಿಸಬೇಕು. ಆಮೇಲೆ ಆ ಶಾಖದ ಹಾದಿ. ಈ ಬಿಸಿಯಲ್ಲಿ ವಿಕಿರಣದ್ದೇ ಮೇಲುಗೈ. ಕೆಲ್ವಿನ್ ಲೆಕ್ಕದಲ್ಲಿ ಉಷ್ಣತೆ ಎರಡು ಪಟ್ಟಾದರೆ ವಿಕಿರಣ 16 ಪಟ್ಟಾಗುತ್ತದೆ! ಆವಿಯೂ ಒಂದೇ ಬಗೆಯದ್ದಲ್ಲ. ಸಿಲಿಕಾನ್ ಪರಮಾಣು, ಎರಡು ಸಿಲಿಕಾನ್‌ಗೆ ಒಂದು ಕಾರ್ಬನ್ ಕೂಡಿದ್ದು, ಒಂದು ಸಿಲಿಕಾನ್‌ಗೆ ಎರಡು ಕಾರ್ಬನ್ ಕೂಡಿದ್ದು, ಮೂರೂ ಇರುತ್ತವೆ. ಸಿಲಿಕಾನ್ ಜಾಸ್ತಿ ಹಾರಿಹೋಗುವುದರಿಂದ ಪುಡಿ ಬರಬರುತ್ತಾ ಇದ್ದಿಲಿನಂತಾಗುತ್ತದೆ. ಮೊದಲ ದಿನದ ಪುಡಿಗೆ ಸರಿಹೋದ ಲೆಕ್ಕ ಕೊನೆಯ ದಿನಕ್ಕೆ ಸರಿಹೋಗದು.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ಬೆಳೆಯುವ ಹರಳಿನ ನಡುವಿಗೂ ಅಂಚಿಗೂ ಉಷ್ಣತೆಯ ವ್ಯತ್ಯಾಸ ಹೆಚ್ಚಾದರೆ ಒಳಗೆ ಎಳೆತ ಹುಟ್ಟಿ, ಪರಮಾಣುಗಳ ಸಾಲು ಜಾರುತ್ತದೆ. ಬಹುಕಾಲ ಕಾಡಿದ್ದು ಮೈಕ್ರೋಪೈಪ್, ಹರಳಿನ ಉದ್ದಕ್ಕೂ ಕೊರೆದಂತಿರುವ ಟೊಳ್ಳು ಕೊಳವೆ. ಪರಮಾಣುಗಳ ಸಾಲು ತಪ್ಪಿದ ದೊಡ್ಡ ದೋಷದ ನಡುಭಾಗ ಟೊಳ್ಳಾಗಬಹುದೆಂದು ಬ್ರಿಟನ್‌ನ ಭೌತವಿಜ್ಞಾನಿ ಚಾರ್ಲ್ಸ್ ಫ್ರಾಂಕ್ 1951ರಲ್ಲೇ ಹೇಳಿದ್ದರು.

ಕಣ್ಣಿಗೆ ಕಾಣುವ ಪಿವಿಟಿಯೂ ಉಂಟು. ಪಾದರಸ ಮತ್ತು ಅಯೋಡಿನ್ ಕೂಡಿದ ಮರ್ಕ್ಯುರಿಕ್ ಅಯೊಡೈಡ್‌ಗೆ 100 ಡಿಗ್ರಿ ಆಸುಪಾಸಿನ ಬಿಸಿ ಸಾಕು, ಗಾಜಿನ ಪಾತ್ರೆಯೇ ನಡೆಯುತ್ತದೆ. 1985ರಲ್ಲಿ ಈ ಹರಳು ಬೆಳೆಸುವುದರಲ್ಲೇ ಪಳಗಿದ್ದ ಲೋಡೆವೈಕ್ ವಾನ್ ಡೆನ್ ಬರ್ಗ್ ಸ್ಪೇಸ್‌ಲ್ಯಾಬ್ 3 ಎಂಬ ಪ್ರಯೋಗಾಲಯ ಹೊತ್ತ ಯಾನದಲ್ಲಿ ಬಾಹ್ಯಾಕಾಶಕ್ಕೇ ಹೋಗಿ ಅದನ್ನು ಬೆಳೆಸಿದರು. ಭಾರವಿಲ್ಲದ ಕಡೆ ಆವಿ ಮೇಲೆ ಕೆಳಗೆ ಸುಳಿಯುವುದು ಕಡಿಮೆ. ನನಗೆ ಈ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಘಟನೆ ಇದು.

ಸಿಲಿಕಾನ್ ಕಾರ್ಬೈಡ್ ಮೂಸೆಯೊಳಗೆ ಇಣುಕಲು ಜರ್ಮನಿಯ ಎರ್ಲಾಂಗೆನ್‌ನ ಸಂಶೋಧಕರು ಎಕ್ಸ್‌ರೇ ಹಾಯಿಸಿದರು. ಪುಡಿ ಕುಸಿಯುವುದು, ಹರಳಿನ ಮುಖ ಮುಂದೆ ಬರುವುದು ಬೆಳೆಯುತ್ತಿರುವಾಗಲೇ ಕಂಡಿತು. ಮಾದರಿಯನ್ನು ತಾಳೆ ನೋಡಲು ಎರಡು ತೂತಿನ ಉಷ್ಣತೆಗಿಂತ ಗಟ್ಟಿಯಾದ ಆಧಾರ ಸಿಕ್ಕಿತು. ತೂತಿನ ಉಷ್ಣತೆ ಹೊಂದಿದ ಮಾತ್ರಕ್ಕೆ ಒಳಗಿನದೂ ಸರಿ ಎಂದು ನಂಬಬಾರದು ಅನ್ನುವುದು ನನ್ನ ಅಭಿಪ್ರಾಯ. ಹೊದಿಕೆಯ ಕಂಬಳಿಯ ಗುಣವೂ ಬಳಸುತ್ತಾ ಬದಲಾಗುತ್ತದೆ.

ಈಗ ಹರಳಿನಿಂದ ಕೊಯ್ಯುವ ತೆಳು ಬಿಲ್ಲೆಯ ಅಗಲ 200 ಮಿಲಿಮೀಟರ್ ಮುಟ್ಟಿದೆ. ಕಾಯಿಲ್‌ನ ಶಾಖ ಗೋಡೆಯಲ್ಲೇ ಹುಟ್ಟುವುದರಿಂದ, ಅಗಲ ಹೆಚ್ಚಿದಷ್ಟೂ ಅಂಚಿಗೂ ನಡುವಿಗೂ ಅಂತರ ಹೆಚ್ಚುತ್ತದೆ. ಅದಕ್ಕೇ ಕೆಲವರು ಕಾಯಿಲ್ ಬಿಟ್ಟು ಗ್ರಾಫೈಟ್ ಹೀಟರ್‌ಗೆ ಹೊರಳಿದ್ದಾರೆ. ಹೀಟರ್ ಎಲ್ಲಿಡಬೇಕು ಎಂದು ಮೊದಲು ಕಂಪ್ಯೂಟರಿನಲ್ಲಿ ನೋಡಿ, ಆಮೇಲೆ ಕುಲುಮೆ ಹೊತ್ತಿಸುತ್ತಾರೆ.