ರಾತ್ರಿ ಕಬಡ್ಡಿ ಫೋಟೋ ಮಸುಕಾಗಿ ಬರುವುದೇಕೆ? ಐಎಸ್‌ಒ ಏರಿಸಲು ಹೆದರಬೇಡಿ

"ಸರ್, ಹೊನಲು ಬೆಳಕಿನ ಕಬಡ್ಡಿಯಲ್ಲಿ ತೆಗೆದ ಫೋಟೋ ಎಲ್ಲಾ ಅಲುಗಾಡಿದ ಹಾಗೆ ಬರುತ್ತಿದೆ. ಐಎಸ್‌ಒ 800ರಲ್ಲೇ ಇಟ್ಟಿದ್ದೇನೆ, ಅದಕ್ಕಿಂತ ಮೇಲೆ ಹೋಗಿಲ್ಲ. ಇನ್ನು ಯಾವ ಲೆನ್ಸ್ ತಗೊಳ್ಳಲಿ?"

ದೀಪಾವಳಿ ಮುಗಿಯಿತು ಅಂದರೆ ಈ ಪ್ರಶ್ನೆ ಶುರು. ಗದ್ದೆ ಕೊಯ್ಲಾಗಿ ಊರೂರಲ್ಲಿ ಅಂಕಣ ಹಾಕುವ ಹೊತ್ತಿಗೆ ಇನ್ನೂ ಜಾಸ್ತಿ. ಕಾರವಾರದವರು ಕೇಳುತ್ತಾರೆ, ಅಂಕೋಲೆ, ಕುಮಟೆಯವರು ಕೇಳುತ್ತಾರೆ, ಘಟ್ಟದ ಮೇಲಿನ ಶಿರಸಿಯವರೂ ಕೇಳುತ್ತಾರೆ. ಉತ್ತರ ಪ್ರಶ್ನೆಯ ಒಳಗೇ ಇದೆ. 'ಅದಕ್ಕಿಂತ ಮೇಲೆ ಹೋಗಿಲ್ಲ' ಅಂತ ಬರೆದಿದ್ದೀರಲ್ಲ, ಅದೇ ಕಾರಣ. ಲೆನ್ಸಿನ ಮಾತಿಗೆ ಆಮೇಲೆ ಬರುತ್ತೇನೆ. ಐಎಸ್‌ಒ ಅಂದರೆ ಬಿದ್ದ ಬೆಳಕನ್ನು ಕ್ಯಾಮೆರಾ ಎಷ್ಟು ದೊಡ್ಡದು ಮಾಡಿ ತೋರಿಸಬೇಕು ಅನ್ನುವ ಸೆಟ್ಟಿಂಗ್. ಮೊದಲು ಅದನ್ನು 3200 ಮಾಡಿ. ಸಾಲದಿದ್ದರೆ 6400 ಮಾಡಿ.

ಇಷ್ಟು ಹೇಳಿದರೆ ಸಾಕು, ಮರುಮಾತು ತಯಾರಾಗಿರುತ್ತದೆ. "ಗ್ರೇನ್ಸ್, ಕಾಳು ಕಾಳು ಬರುತ್ತಲ್ವಾ ಸರ್?" ಬರುತ್ತೆ. ಬರಲಿ. ಅದರ ಬಗ್ಗೆ ಈ ಸಲ ಪೂರ್ತಿ ಹೇಳಿಬಿಡುತ್ತೇನೆ, ಮುಂದಿನ ಸೀಸನ್ನಿಗೆ ಯಾರೂ ಇದನ್ನೇ ಮತ್ತೆ ಕೇಳದಿರಲಿ.

'800 ದಾಟಿದರೆ ಫೋಟೋ ಹಾಳು' ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಫಿಲ್ಮ್ ರೋಲ್ ಹಾಕುವ ಕಾಲದಲ್ಲಿ 100 ಅಥವಾ 400ರ ರೋಲ್ ತರುತ್ತಿದ್ದೆವು. 800ರ ರೋಲಿನಲ್ಲಿ ಕಾಳು ಕಾಳು ಕಾಣುತ್ತಿದ್ದುದು ನಿಜ. ಶುರುವಿನ ಡಿಜಿಟಲ್ ಕ್ಯಾಮೆರಾಗಳಲ್ಲೂ ಹಾಗೇ ಆಗುತ್ತಿತ್ತು. ಆ ಕಾಲದಲ್ಲಿ ಕೆಲಸ ಕಲಿತ ಸ್ಟುಡಿಯೋದವರು ತಮ್ಮ ಹುಡುಗರಿಗೆ ಅದನ್ನೇ ಹೇಳಿಕೊಟ್ಟರು, ಹುಡುಗರು ನಿಮಗೆ ಹೇಳಿದರು. ಅವರ ಕೆಲಸಕ್ಕೆ ಅದು ಸರಿಯೂ ಹೌದು. ಮದುವೆ ಮಂಟಪದಲ್ಲಿ ಲೈಟ್ ಅವರದ್ದೇ, ಫ್ಲ್ಯಾಶ್ ಅವರದ್ದೇ, ಧಾರೆ ಎರೆಯುವಾಗ ಯಾರೂ ಓಡುವುದಿಲ್ಲ. ಶಟರ್ (ಬೆಳಕು ಒಳಗೆ ಬಿಡಲು ತೆರೆದು ಮುಚ್ಚುವ ಬಾಗಿಲು) 1/60 ಸೆಕೆಂಡ್ ತೆರೆದಿದ್ದರೂ ಫೋಟೋ ಚೆನ್ನಾಗೇ ಬರುತ್ತದೆ. ಕಬಡ್ಡಿ ಅಂಕಣದಲ್ಲಿ ಲೈಟ್ ಸಂಘಟಕರದ್ದು, ನಾಲ್ಕು ಕಂಬದ ಮೇಲಿನದ್ದು, ಎರಡು ಮೂಲೆಯಲ್ಲಿ ಯಾವಾಗಲೂ ಮಂಕು. ಆಟಗಾರ ಒಂದು ಕ್ಷಣ ನಿಲ್ಲುವುದಿಲ್ಲ. ಮಂಟಪದ ನಿಯಮವನ್ನು ಅಂಕಣಕ್ಕೆ ತಂದರೆ ಹೇಗೆ?

ಲೆಕ್ಕ ಹಾಕಿ ನೋಡೋಣ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸನ್ನು 55ಕ್ಕೆ ತಿರುಗಿಸಿದರೆ ಅದರ ತೂತು ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಸಂಖ್ಯೆ ಕಡಿಮೆಯಾದಷ್ಟೂ ತೂತು ದೊಡ್ಡದು). ನಮ್ಮ ಕಡೆಯ ಸಾಧಾರಣ ಲೈಟಿಂಗಿನಲ್ಲಿ ಐಎಸ್‌ಒ 800ಕ್ಕೆ ಸಿಗುವ ಶಟರ್ 1/30 ಆಸುಪಾಸು. ರೈಡರ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ಬೀಸಿದ ಅಂದುಕೊಳ್ಳಿ. ಶಟರ್ ತೆರೆದು ಮುಚ್ಚುವುದರೊಳಗೆ ಆ ಕೈ 16 ಸೆಂಟಿಮೀಟರಿಗೂ ಜಾಸ್ತಿ ಸರಿದಿರುತ್ತದೆ, ಹೆಚ್ಚುಕಡಿಮೆ ಒಂದು ಗೇಣು. ಬೆರಳು ಎಲ್ಲಿದೆ ಅಂತ ಕ್ಯಾಮೆರಾ ಹೇಗೆ ಬರೆದೀತು? ಅದೇ 1/1000 ಆದರೆ ಕೈ ಸರಿಯುವುದು 5 ಮಿಲಿಮೀಟರ್ ಮಾತ್ರ. ಉಗುರೂ ಕಾಣುತ್ತದೆ, ಅಂಗೈಗೆ ಮೆತ್ತಿದ ಮಣ್ಣೂ ಕಾಣುತ್ತದೆ. ನಿಮ್ಮ ಫೋಟೋ ಹಾಳಾಗಿದ್ದು ಶಟರಿನಿಂದ. ಶಟರ್ ನಿಧಾನವಾಗಿದ್ದು ನೀವು ಐಎಸ್‌ಒ ಹಿಡಿದಿಟ್ಟಿದ್ದರಿಂದ.

ಇನ್ನು ಗ್ರೇನ್ಸ್ ಎಲ್ಲಿಂದ ಬರುತ್ತದೆ ಅನ್ನುವುದು. ಇದನ್ನೇ ಜಾಸ್ತಿ ಜನ ತಪ್ಪು ತಿಳಿದಿರುವುದು. ಐಎಸ್‌ಒ ಏರಿಸಿದರೆ ಸೆನ್ಸರಿಗೆ, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕಕ್ಕೆ, ಹೊಸದಾಗಿ ಏನೂ ಅಂಟಿಕೊಳ್ಳುವುದಿಲ್ಲ. ಸೆನ್ಸರಿಗೆ ಎಷ್ಟು ಬೆಳಕು ಬಿತ್ತು ಅನ್ನುವುದನ್ನು ನಿರ್ಧರಿಸುವುದು ಅಂಕಣದ ಲೈಟು, ಲೆನ್ಸಿನ ತೂತು ಮತ್ತು ಶಟರ್, ಈ ಮೂರೇ. ಬೆಳಕು ಕಡಿಮೆ ಬಿದ್ದರೆ ಗ್ರೇನ್ಸ್ ಎದ್ದು ಕಾಣುತ್ತದೆ. ಐಎಸ್‌ಒ ಮಾಡುವುದು ಬಿದ್ದಷ್ಟನ್ನು ದೊಡ್ಡದು ಮಾಡಿ ತೋರಿಸುವ ಕೆಲಸ. ಪಂದ್ಯದ ಮೈಕ್ ನೆನಪಿಸಿಕೊಳ್ಳಿ. ವಿವರಣೆ ಕೊಡುವವರು ಮೈಕಿನಿಂದ ದೂರ ನಿಂತು ಮೆಲ್ಲಗೆ ಮಾತಾಡಿದರೆ ವಾಲ್ಯೂಮ್ ಏರಿಸಬೇಕಾಗುತ್ತದೆ, ಆಗ ಗರ್ ಅನ್ನುವ ಸದ್ದೂ ಕೇಳುತ್ತದೆ. ತಪ್ಪು ವಾಲ್ಯೂಮಿನದ್ದಲ್ಲ, ಮಾತು ಮೆಲ್ಲಗಿದ್ದದ್ದು.

ನಂಬಿಕೆ ಬರದಿದ್ದರೆ ಇವತ್ತು ರಾತ್ರಿ ಮನೆಯಲ್ಲೇ ಮಾಡಿ ನೋಡಿ. ಟ್ಯೂಬ್‌ಲೈಟ್ ಹಾಕಿ. ಗೋಡೆಯ ಮೇಲಿನ ಕ್ಯಾಲೆಂಡರ್ ಎದುರು ಕ್ಯಾಮೆರಾವನ್ನು ಮೇಜಿನ ಮೇಲೆ ಗಟ್ಟಿಯಾಗಿ ಇಡಿ. ಮ್ಯಾನುವಲ್ ಮೋಡ್ (ಎಲ್ಲಾ ನೀವೇ ಹೊಂದಿಸುವುದು), ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್), ಎಫ್ 5.6, ಶಟರ್ 1/125. ಒಂದು ಫೋಟೋ ಐಎಸ್‌ಒ 6400ರಲ್ಲಿ ತೆಗೆಯಿರಿ. ಇನ್ನೊಂದು 800ರಲ್ಲಿ. ಬೇರೆ ಏನನ್ನೂ ಮುಟ್ಟಬೇಡಿ. ಎರಡನೆಯದು ಕಪ್ಪಾಗಿ ಬರುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಮೂರು ಸ್ಟಾಪ್, ಅಂದರೆ ಎಂಟು ಪಟ್ಟು, ಬೆಳಗಿಸಿ. ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ಪೂರ್ತಿ ದೊಡ್ಡದು ಮಾಡಿ, ದಪ್ಪ ಅಕ್ಷರದ ಕಪ್ಪು ಜಾಗ ಮತ್ತು ದೇವರ ಚಿತ್ರದ ಕೂದಲಿನ ಜಾಗ ನೋಡಿ. 800ರ ಫೋಟೋದಲ್ಲಿ ಗ್ರೇನ್ಸ್ ಕಡಿಮೆ ಇರುವುದಿಲ್ಲ. ಹೆಚ್ಚಿನ ಕ್ಯಾಮೆರಾಗಳಲ್ಲಿ ಸಮ ಇರುತ್ತದೆ, ಕೆಲವದರಲ್ಲಿ ಕಪ್ಪು ಜಾಗದಲ್ಲಿ ನೇರಳೆ ಬಣ್ಣದ ಕಲೆ ಎದ್ದು ಇನ್ನೂ ಕೆಟ್ಟದಾಗಿರುತ್ತದೆ. ಅಂದರೆ 800ರಲ್ಲಿ ಕಪ್ಪಾಗಿ ತೆಗೆದು ಆಮೇಲೆ ಬೆಳಗಿಸುತ್ತೇನೆ ಅನ್ನುವವರಿಗೆ ಸಿಕ್ಕ ಲಾಭ ಏನೂ ಇಲ್ಲ.

ಇನ್ನೊಂದು ಮಾತು. ಗ್ರೇನ್ಸ್ ಕಡಿಮೆ ಮಾಡಬಹುದು, ಅಲುಗಾಡಿದ್ದನ್ನು ಸರಿ ಮಾಡಲಾಗುವುದಿಲ್ಲ. 2023ರಿಂದ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮಿನಲ್ಲೇ ಗ್ರೇನ್ಸ್ ತೆಗೆಯುವ ಎಐ ಡಿನಾಯ್ಸ್ ಇದೆ, ರಾ ಫೈಲ್ ಕೊಟ್ಟರೆ 6400ರ ಫೋಟೋ ನಯವಾಗಿ ಬರುತ್ತದೆ. 1/30ರಲ್ಲಿ ಗೇಣುದ್ದ ಎಳೆದುಹೋದ ಕೈಗೆ ಬೆರಳು ತಂದುಕೊಡುವ ಸಾಫ್ಟ್‌ವೇರ್ ಇಲ್ಲ. ಇದ್ದರೂ ಅದು ತಾನೇ ಬರೆದ ಬೆರಳಾಗಿರುತ್ತದೆ, ಆಟಗಾರನದ್ದಲ್ಲ.

ಅಷ್ಟಕ್ಕೂ ಫೋಟೋ ಎಲ್ಲಿ ನೋಡುತ್ತಾರೆ? ವಾಟ್ಸಾಪಿನಲ್ಲಿ, ಸ್ಟೇಟಸ್ಸಿನಲ್ಲಿ, ಮುಂದಿನ ವರ್ಷದ ಫ್ಲೆಕ್ಸಿನಲ್ಲಿ. ಮೊಬೈಲ್ ಪರದೆಗೆ ಚಿಕ್ಕದಾಗುವಾಗ ಗ್ರೇನ್ಸ್ ಮುಕ್ಕಾಲು ಪಾಲು ಕರಗಿಹೋಗುತ್ತದೆ. ಫ್ಲೆಕ್ಸನ್ನು ರಸ್ತೆಯ ಆಚೆಯಿಂದ ನೋಡುತ್ತಾರೆ. ಗ್ರೇನ್ಸ್ ಹುಡುಕುವವರು ಫೋಟೋ ತೆಗೆದವರು ಮಾತ್ರ. ಆಟಗಾರ ನೋಡುವುದು ತನ್ನ ಮುಖ, ತಾನು ಹಿಡಿದ ಕಾಲು. ಅದು ಮಸುಕಾಗಿದ್ದರೆ ಅವನಿಗೆ ಬೇಜಾರು. ಬೇಜಾರಾಗುವುದೂ ಸರಿಯೇ, ಅಷ್ಟು ಕಷ್ಟಪಟ್ಟು ಹಿಡಿದಿದ್ದಾನೆ.

ಈಗ ಲೆನ್ಸ್. ಕೈಯಲ್ಲಿ ದುಡ್ಡಿದ್ದರೆ 50 ಎಂಎಂ ಎಫ್ 1.8 ತಗೊಳ್ಳಿ. ಎಲ್ಲಾ ಕಂಪನಿಯಲ್ಲೂ ಇರುವ ಅಗ್ಗದ ಲೆನ್ಸ್ ಇದು. ಎಫ್ 5.6ಕ್ಕೆ ಹೋಲಿಸಿದರೆ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. 1/30 ಇದ್ದದ್ದು 1/300 ಆಯಿತು. ಐಎಸ್‌ಒ 3200 ಮಾಡಿದಿರಾ, 1/1200 ಆಯಿತು. ಮುಗಿಯಿತಲ್ಲ ಮಾರಾಯ್ರೆ!

ಅದು ಬಿಟ್ಟು ಯೂಟ್ಯೂಬಿನಲ್ಲಿ ರಗ್ಬಿ ಫೋಟೋಗ್ರಾಫರುಗಳ ವಿಡಿಯೋ ನೋಡಿ 400 ಎಂಎಂ ಬೇಕು ಅಂತ ಸಾಲ ಮಾಡಬೇಡಿ. ಆ ವಿಡಿಯೋಗಳು ಒಳ್ಳೆಯವೇ. ಮೈಮೇಲೆ ಬೀಳುವ ಆಟದಲ್ಲಿ ಮುಖ ಮತ್ತು ಕೈ ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುವವರೆಗೆ ಕಾಯಬೇಕು ಅಂತ ಅವರು ಹೇಳುವುದು ಕಬಡ್ಡಿಗೂ ಹಾಗೇ ಸರಿ. ಆದರೆ ರಗ್ಬಿ ಮೈದಾನ 100 ಮೀಟರ್‌ವರೆಗೂ ಉದ್ದ, 70 ಮೀಟರ್‌ವರೆಗೂ ಅಗಲ. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದ್ದು 12 ಮತ್ತು 8. ಕುಮಟೆಯ ಮಣಕಿ ಮೈದಾನವಾಗಲಿ, ಕಾರವಾರದ ಮಾಲಾದೇವಿ ಮೈದಾನವಾಗಲಿ, ಮೈದಾನ ಎಷ್ಟೇ ದೊಡ್ಡದಿರಲಿ, ಆಟ ನಡೆಯುವುದು ಅಷ್ಟೇ ಜಾಗದಲ್ಲಿ. ಕೊನೆ ಗೆರೆಯಿಂದ ಒಂದು ಮೀಟರ್ ಹಿಂದೆ ಕೂತರೆ ಮಧ್ಯಗೆರೆ ಏಳೂವರೆ ಮೀಟರ್ ದೂರ. 18-55 ಜೊತೆ ಬರುವ ಸಣ್ಣ ಸೆನ್ಸರಿನ ಕ್ಯಾಮೆರಾಗೆ 50 ಎಂಎಂ ಹಾಕಿದರೆ ಅಲ್ಲಿ ಸುಮಾರು ಮೂರೂವರೆ ಮೀಟರ್ ಅಗಲ ಕಾಣುತ್ತದೆ. ರೈಡರ್ ಒಬ್ಬ, ಅವನ ಮೇಲೆ ಬಿದ್ದ ಮೂವರು, ಎಲ್ಲಾ ಹಿಡಿಯುತ್ತದೆ.

ಎಲ್ಲಿ ಕೂರಬೇಕು? ಕೊನೆ ಗೆರೆಯ ಒಂದು ಮೂಲೆಯಲ್ಲಿ, ಅಂಪೈರ್‌ಗೆ ಅಡ್ಡ ಬಾರದ ಹಾಗೆ, ನೆಲದ ಮೇಲೆ. ನಿಂತು ತೆಗೆಯಬೇಡಿ, ತಲೆಗಳಷ್ಟೇ ಬರುತ್ತವೆ. ಒಮ್ಮೆ ಕೂತ ಮೇಲೆ ಅತ್ತಿತ್ತ ಓಡಬೇಡಿ. ಕಾರಣ ಹೇಳುತ್ತೇನೆ. ಆಚೆ ಪಾಳಿಯ ರೈಡರ್ ಬರುವಾಗ ಅವನ ಮುಖ ನಿಮ್ಮ ಕಡೆಗೇ ಇರುತ್ತದೆ. ಈಚೆ ಪಾಳಿಯ ರೈಡರ್ ಹೋಗುವಾಗ ಬೆನ್ನು ಕಾಣುತ್ತದೆ, ನಿಜ. ಆದರೆ ಅವನನ್ನು ಹಿಡಿದ ಮೇಲೆ? ಅವನು ಮಧ್ಯಗೆರೆಯ ಕಡೆ, ಅಂದರೆ ನಿಮ್ಮ ಕಡೆಯೇ ತಿರುಗಿ ಕೈ ಚಾಚುತ್ತಾನೆ. ಹಲ್ಲು ಕಚ್ಚಿದ ಮುಖ, ಗೆರೆಗೆ ನಾಲ್ಕು ಬೆರಳು ದೂರದಲ್ಲಿ ನಿಂತ ಅಂಗೈ, ಹಿಂದೆ ತೊಡೆ ಹಿಡಿದವನೊಬ್ಬ, ಪಾದ ಹಿಡಿದವನೊಬ್ಬ. ಕಬಡ್ಡಿಯಲ್ಲಿ ಇದಕ್ಕಿಂತ ಒಳ್ಳೆಯ ಫೋಟೋ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಒಂದೇ ಮೂಲೆಯಲ್ಲಿ ಎರಡೂ ಸಿಗುವಾಗ ಓಡುವುದು ಯಾಕೆ?

ಆಟ ಗೊತ್ತಿರಬೇಕು. ಇದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ, ಆದರೂ ಕ್ಯಾಮೆರಾ ಕೈಗೆ ಬಂದ ಕೂಡಲೇ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ರೈಡಿಗೆ 30 ಸೆಕೆಂಡ್. ಮೊದಲ ಹತ್ತರಲ್ಲಿ ಏನೂ ಆಗದೇ ಇರುವುದೇ ಜಾಸ್ತಿ, ಆಗ ಬಟನ್ ಒತ್ತಿ ಕಾರ್ಡ್ ತುಂಬಿಸಬೇಡಿ. ಎದುರು ಆರು ಅಥವಾ ಏಳು ಜನ ಇದ್ದಾಗ ಬೋನಸ್ ಗೆರೆ ದಾಟಿದರೆ ಅಂಕ ಇದೆ, ಹಾಗಾಗಿ ರೈಡರಿನ ಕಾಲು ನೋಡಿ. ಮೂವರೇ ಉಳಿದಿದ್ದರೆ ಸೂಪರ್ ಟ್ಯಾಕಲ್‌ಗೆ (ಕಡಿಮೆ ಜನ ಸೇರಿ ರೈಡರನ್ನು ಹಿಡಿದರೆ ಹೆಚ್ಚು ಅಂಕ) ಕಾದಿರುತ್ತಾರೆ, ಆಗ ರೈಡರನ್ನು ಬಿಟ್ಟು ಮೂಲೆಯವನನ್ನು ನೋಡಿ. ಅವನು ಹಿಡಿಯುವ ಮುಂಚೆ ಮೊಣಕಾಲು ಬಗ್ಗಿಸಿ ಭಾರ ಮುಂದಕ್ಕೆ ತರುತ್ತಾನೆ. ನೀವು ಒತ್ತಬೇಕಾದದ್ದು ಆಗ. ಹಿಡಿದದ್ದು ಕಂಡ ಮೇಲೆ ಒತ್ತಿದರೆ ತಡವಾಯಿತು.

ಬೇರೆ ಸೆಟ್ಟಿಂಗ್ ಜಾಸ್ತಿ ಏನಿಲ್ಲ. ಫೋಕಸ್ ಕಂಟಿನ್ಯೂಯಸ್‌ನಲ್ಲಿ ಇರಲಿ, ಓಡುವವನನ್ನು ಬಿಡದೆ ಹಿಂಬಾಲಿಸುತ್ತದೆ. ಸುತ್ತ ಕತ್ತಲೆ ಇರುವುದರಿಂದ ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಮೋಸ ಹೋಗಿ ಬಿಳಿ ಜೆರ್ಸಿಯನ್ನು ಸುಟ್ಟುಬಿಡುತ್ತದೆ. ಅದಕ್ಕೇ ಎಲ್ಲಾ ಮ್ಯಾನುವಲ್ ಇಡಿ, ರಾತ್ರಿಯಿಡೀ ಲೈಟ್ ಒಂದೇ ತರ ಇರುತ್ತದೆ. ಒಂದು ಫೋಟೋ ಬೆಳ್ಳಗೆ, ಮುಂದಿನದ್ದು ಕಂದು ಬಣ್ಣ ಬರುತ್ತಿದ್ದರೆ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಲೈಟು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ, 1/1000ಕ್ಕೆ ಅದು ಸಿಕ್ಕಿಬೀಳುತ್ತದೆ. ಮೆನುವಿನಲ್ಲಿ ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಕಾಲಿಗೆ ಬೀಳುವವನ ಕಣ್ಣಿಗೆ ಬೆಳಕು ಹೊಡೆದು ಅವನು ಹಿಡಿತ ತಪ್ಪಿದರೆ ಪೆಟ್ಟಾಗುವುದು ಅವನಿಗೆ.

ಇಷ್ಟೆಲ್ಲಾ ಕೇಳುವವರು ಮುಖ್ಯವಾದ ಒಂದನ್ನು ಕೇಳುವುದೇ ಇಲ್ಲ: ಸೀಸನ್ ಮುಗಿದ ಮೇಲೆ ಕ್ಯಾಮೆರಾ ಎಲ್ಲಿಡುತ್ತೀರಿ? ಮೇ ಕೊನೆಗೆ ಪಂದ್ಯ ನಿಲ್ಲುತ್ತದೆ. ಕ್ಯಾಮೆರಾ ಬ್ಯಾಗಿನೊಳಗೆ, ಬ್ಯಾಗ್ ಕಪಾಟಿನೊಳಗೆ, ಬಟ್ಟೆಗಳ ಪಕ್ಕ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ ಬೂಸು ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು, ಲೆನ್ಸಿನ ಒಳಗಿನ ಗಾಜಿಗೂ ಹಿಡಿಯುತ್ತದೆ ಅನ್ನುವುದು ನವೆಂಬರ್‌ನಲ್ಲಿ ಬ್ಯಾಗ್ ತೆಗೆದಾಗಲೇ ಗೊತ್ತಾಗುವುದು. ಗಾಳಿಯ ತೇವ ಶೇಕಡಾ 60 ದಾಟಿ ಹಾಗೇ ಉಳಿದರೆ ಈ ಬೂಸು, ಅಂದರೆ ಫಂಗಸ್, ಬೆಳೆಯಲು ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಅದಕ್ಕಿಂತ ಕೆಳಗೆ ಇಳಿಯುವ ದಿನ ಅಪರೂಪ.

ದುಬಾರಿ ಡ್ರೈ ಕ್ಯಾಬಿನೆಟ್ ಇಲ್ಲದಿದ್ದರೂ ನಡೆಯುತ್ತದೆ. ಗಟ್ಟಿ ಮುಚ್ಚಳದ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ ತನ್ನಿ. ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಚಿಕ್ಕ ಮೀಟರ್ ಇಡಿ. ಮುಳ್ಳು 40ರಿಂದ 50ರ ನಡುವೆ ಇರಬೇಕು. ಜೆಲ್ ಬಣ್ಣ ಬದಲಾದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ಮತ್ತೆ ಹಳೆಯ ಬಣ್ಣಕ್ಕೆ ಬರುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಕ್ಯಾಮೆರಾ ಬ್ಯಾಗನ್ನು ಡಬ್ಬದೊಳಗೆ ಇಡಬೇಡಿ, ಬಟ್ಟೆಯೇ ತೇವ ಹಿಡಿಯುತ್ತದೆ. ಡಬ್ಬಕ್ಕೆ ಹಾಕುವ ಮುಂಚೆ ಅಂಕಣದ ಕೆಂಪು ಧೂಳನ್ನು ಬ್ಲೋವರಿನಿಂದ ಊದಿ ತೆಗೆಯಿರಿ, ಬೀಚಿನಲ್ಲಿ ಪಂದ್ಯ ಆಗಿದ್ದರೆ ಹೊರಮೈಯನ್ನು ತುಸು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಉಪ್ಪು ಕೂತಿರುತ್ತದೆ.

ಫಂಗಸ್ ಈಗಾಗಲೇ ಬಂದಿದೆಯಾ ಅಂತ ನೋಡಬೇಕಾದರೆ ಲೆನ್ಸಿನ ಎರಡೂ ಕಡೆಯ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅದೇ. ಶುರುವಿನಲ್ಲೇ ರಿಪೇರಿಯವರಿಗೆ ಕೊಟ್ಟರೆ ತೊಳೆದು ಕೊಡುತ್ತಾರೆ. ತಡ ಮಾಡಿದರೆ ಗಾಜಿನ ಲೇಪನವನ್ನೇ ತಿಂದುಬಿಡುತ್ತದೆ, ಆಮೇಲೆ ತೊಳೆದರೂ ಗುರುತು ಹೋಗುವುದಿಲ್ಲ. ಮನೆಯಲ್ಲಿ ಸ್ಕ್ರೂ ಬಿಚ್ಚಲು ಹೋಗಬೇಡಿ, ಮತ್ತು ಆ ಲೆನ್ಸನ್ನು ಒಳ್ಳೆಯ ಲೆನ್ಸಿನ ಜೊತೆ ಒಂದೇ ಡಬ್ಬದಲ್ಲಿ ಇಡಬೇಡಿ.