ಹೆಚ್ಚು ಕೈ ಎದ್ದರೆ ಸಾಕಾ?

ಪ್ರಶ್ನೆ: ಪ್ರಜಾಪ್ರಭುತ್ವ ಅಂದರೆ ಬಹುಮತ ತಾನೇ? ಗೆದ್ದವರು ಹೇಳಿದ್ದು ನಡೀಬೇಕು. ಮತ್ತೆ ಕೋರ್ಟು ಯಾಕೆ ಅಡ್ಡ ಬರುತ್ತದೆ? (ಕುಷ್ಟಗಿಯ ಓದುಗರೊಬ್ಬರು)

ನಿಮ್ಮ ಕಡೆಯ ಒಂದು ಗ್ರಾಮಸಭೆ ಅಂದುಕೊಳ್ಳಿ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಒಂದು ಸುತ್ತು ಚಹಾ. ಈ ವರ್ಷದ ದುಡ್ಡಲ್ಲಿ ಮೊದಲು ಶಾಲೆಗೆ ಕಾಂಪೌಂಡೋ, ಹೊಲಕ್ಕೆ ದಾರಿಯೋ? ಮಾತು ಹರಿಯುವುದಿಲ್ಲ. ಕೈ ಎತ್ತಿಸುತ್ತಾರೆ, ದಾರಿ ಗೆಲ್ಲುತ್ತದೆ. ಸೋತವರು ಗೊಣಗುತ್ತಲೇ ಒಪ್ಪುತ್ತಾರೆ. ಇಲ್ಲಿ ಬಹುಮತವೇ ಸರಿ. ಎಲ್ಲರೂ ಒಪ್ಪಲಿ ಅಂತ ಕಾಯುತ್ತ ಕೂತರೆ ಕಾಂಪೌಂಡೂ ಇಲ್ಲ, ದಾರಿಯೂ ಇಲ್ಲ.

ಆಮೇಲೆ ಒಬ್ಬರು ಎದ್ದು, 'ಆ ಕೇರಿಯವರು ನಮ್ಮ ನಳಕ್ಕೆ ಬರೋದು ಬೇಡ' ಅನ್ನುತ್ತಾರೆ. ಇನ್ನೂರು ಕೈ ಮೇಲೇಳುತ್ತವೆ. ಕೇರಿಯ ಹನ್ನೆರಡು ಮನೆಯವರು ಹಿಂದೆ ಸುಮ್ನೆ ನಿಂತಿದ್ದಾರೆ. ಲೆಕ್ಕವೇನೋ ಸರಿಯಿದೆ, ಆದರೆ ಈ ತೀರ್ಮಾನ ನಡೆಯುವುದಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. ಇದು ಕೈ ಎತ್ತಿಸಿ ಕೇಳುವ ವಿಷಯವೇ ಅಲ್ಲ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದಲ್ಲೇ ಈ ದಾರಿಯಲ್ಲಿ ಯೋಚಿಸಿದ್ದ. ಜನ ಸರ್ಕಾರಕ್ಕೆ ಅಧಿಕಾರ ಕೊಡುವುದು ತಮ್ಮ ಜೀವ, ಸ್ವಾತಂತ್ರ್ಯ, ಆಸ್ತಿಯನ್ನು ಕಾಯಲಿ ಅಂತ. ಹೊಲ ಕಾಯಲು ಇಟ್ಟವನಿಗೆ ಯಾರೂ ಹೊಲ ಬರೆದುಕೊಡುವುದಿಲ್ಲ, ಅಲ್ವಾ?

ಇನ್ನು ಕೋರ್ಟು. 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು, ಅಂದರೆ ಅದು ನಿಂತಿರುವ ಅಡಿಪಾಯವನ್ನು, ಕೆಡವುವಂತಿಲ್ಲ. 13 ನ್ಯಾಯಮೂರ್ತಿಗಳಲ್ಲಿ 7 ಜನ ಆ ಕಡೆ, 6 ಜನ ಈ ಕಡೆ. ಬಹುಮತಕ್ಕೆ ಬೇಲಿ ಹಾಕಿದ್ದೂ ಒಂದೇ ಒಂದು ಓಟಿನ ಬಹುಮತ! ಹಾಗಂತ ಕೋರ್ಟನ್ನು ಕಣ್ಣುಮುಚ್ಚಿ ನಂಬಿ ಅಂತ ನಾನು ಹೇಳುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದವರು ತಮ್ಮ ಬಂಧನವನ್ನು ಪ್ರಶ್ನಿಸುವಂತಿಲ್ಲ ಎಂದು 1976ರಲ್ಲಿ ತೀರ್ಪು ಕೊಟ್ಟಿದ್ದೂ ಇದೇ ಸುಪ್ರೀಂ ಕೋರ್ಟು. ಕಾಯುವವನನ್ನೂ ಕಾಯಬೇಕಾಗುತ್ತದೆ.

'ನಾನು ಬಹುಮತದ ಕಡೆಯವನು, ನನಗೇನು' ಅನ್ನಿಸಿದರೆ ನಮ್ಮ ಭಾಗದ್ದೇ ಲೆಕ್ಕ ನೋಡಿ. ಬೀದರ್‌ನಿಂದ ಬಳ್ಳಾರಿ ತನಕ, ವಿಜಯನಗರ ಜಿಲ್ಲೆಯೂ ಸೇರಿ, ಕಲ್ಯಾಣ ಕರ್ನಾಟಕಕ್ಕೆ ವಿಧಾನಸಭೆಯ 224 ಸೀಟುಗಳಲ್ಲಿ ಇರುವುದು 41. ಬರೀ ಕೈ ಎಣಿಸಿದರೆ ರಾಯಚೂರು, ಕೊಪ್ಪಳದವರು ಪ್ರತಿ ಸಲ ಸೋಲುವವರೇ. ನಮಗೆ ಕೆಲಸದಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲಾತಿಗೆ ದಾರಿ ಮಾಡಿದ 371ಜೆ ಬಂದಿದ್ದು ಸಂವಿಧಾನದ 98ನೇ ತಿದ್ದುಪಡಿಯಿಂದ. ಬೆಂಗಳೂರಿನಲ್ಲಿ ಯಾರೇ ಗೆದ್ದು ಕೂರಲಿ, ವಿಧಾನಸಭೆಯ ಬಹುಮತದಿಂದ ಆ ವಿಧಿಯನ್ನು ಅಳಿಸಲಾಗದು. ನಿಮ್ಮ ಮಕ್ಕಳ ಫೈಲಿನಲ್ಲೂ ಆ 371ಜೆ ಸರ್ಟಿಫಿಕೇಟು ಇರಬಹುದು.